ಪಂಚಮುಖಿಯ ಮೂಗು

ಚಿಕ್ಕೋಡಿಯ ಕೋರ್ಟ್ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಈಗ ಟೈಪ್‌ರೈಟರ್ ಇಲ್ಲ. ಕಂಪ್ಯೂಟರ್ ಇದೆ, ಪಕ್ಕದಲ್ಲಿ ಝೆರಾಕ್ಸ್ ಮಶೀನಿದೆ. ಆದರೂ ಬೋರ್ಡಿನ ಮೇಲೆ ‘ಭೂಪಾಲ ಟೈಪಿಂಗ್’ ಎಂದೇ ಉಳಿದಿದೆ. ಇಪ್ಪತ್ತೆಂಟು ವರ್ಷ ಊರವರ ತಂಟೆ ತಕರಾರು ಬರೆದು ಬರೆದು ನನ್ನ ನಾಲಿಗೆ ಒರಟಾಗಿದೆ ಎಂದು ಹೆಂಡತಿ ಹೇಳುತ್ತಾಳೆ. ಒಪ್ಪುತ್ತೇನೆ. ವಕೀಲರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವವನ ಹೊಟ್ಟೆಯಲ್ಲಿ ಎಷ್ಟು ಸಿಟ್ಟು ಸೇರಿಕೊಳ್ಳುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಈಗ ಬರೆಯುತ್ತಿರುವುದನ್ನು ನನಗೆ ಯಾರೂ ಹೇಳಿ ಬರೆಸುತ್ತಿಲ್ಲ. ಇದರಲ್ಲಿಯ ಹೆಸರುಗಳನ್ನು ಬೇಕೆಂದೇ ಬದಲಿಸಿದ್ದೇನೆ, ನನ್ನದೊಂದನ್ನು ಬಿಟ್ಟು.

ನನ್ನ ಅಂಗಡಿಗೆ ಒತ್ತಿಕೊಂಡೇ ಹಾಜಿಮಲಂಗ ಶಿಕಲಗಾರರ ಅಂಗಡಿ. ಅಂಗಡಿ ಎಂದರೆ ಆರಡಿ ಅಗಲದ ತಗಡಿನ ಗೂಡು, ಒಳಗೊಂದು ಸಾಣೆ, ಒಂದು ಪೆಟ್ಟಿಗೆ ತುಂಬ ಅರಗಳು. ಕಬ್ಬು ಕಡಿಯುವ ಕೊಯ್ತಾಗಳಿಗೆ ಸಾಣೆ ಹಿಡಿಯುತ್ತಾರೆ, ಬೀಗ ಕೀಲಿ ರಿಪೇರಿ ಮಾಡುತ್ತಾರೆ, ಕುಕ್ಕರಿನ ಹಿಡಿಕೆ ಕೂಡಿಸುತ್ತಾರೆ. ಮೊದಲು ಅವರ ಮನೆತನದ ಕೆಲಸ ಇದಾಗಿರಲಿಲ್ಲ. ಅಥಣಿಯಿಂದ ನಿಪ್ಪಾಣಿಯವರೆಗೆ ಹಂದಿ ಓಡಿಸಲು ರೈತರು ಇಟ್ಟುಕೊಂಡ ಲೈಸೆನ್ಸಿನ ಬಂದೂಕುಗಳೆಲ್ಲ ಇವರ ತಂದೆಯ ಕೈಗೆ, ಆಮೇಲೆ ಇವರ ಕೈಗೆ ಬರುತ್ತಿದ್ದವು. ರಿಪೇರಿಯ ಲೈಸೆನ್ಸ್ ತಂದೆಯ ಹೆಸರಿನಲ್ಲಿತ್ತು. ತಂದೆ ತೀರಿದ ಮೇಲೆ ಅದು ಮಗನ ಹೆಸರಿಗೆ ಬರಲೇ ಇಲ್ಲ. ನಾಲ್ಕು ಅರ್ಜಿಗಳನ್ನು ನಾನೇ ಟೈಪ್ ಮಾಡಿಕೊಟ್ಟೆ. ಐದನೆಯದಕ್ಕೆ ಅವರೇ ಬೇಡ ಎಂದರು.

ಅವರದೊಂದು ಖೋಡಿ ಎಂದರೆ ಅರ್ಧಮರ್ಧ ಕೆಲಸ ಅವರಿಂದ ಆಗುವುದೇ ಇಲ್ಲ. ಯಾರೋ ಹೆಣ್ಣುಮಗಳು ತುಕ್ಕು ಹಿಡಿದ ಟ್ರಂಕಿನ ಕೀಲಿ ತಂದು, ‘ಸುಮ್ನ ಜೋತು ಬಿದ್ದಿದ್ರ ಸಾಕ್ರಿ’ ಎಂದರೂ ಇವರು ಅದರ ಹೊಟ್ಟೆ ಬಗೆದು, ಒಳಗಿನ ತಗಡಿನ ಎಲೆಗಳನ್ನು ಹೊಸದಾಗಿ ಕೊಯ್ದು, ಮೂರು ದಿನ ತಡಮಾಡಿ ಬೈಸಿಕೊಳ್ಳುತ್ತಿದ್ದರು. ನಾನು ಕೆಣಕುತ್ತಿದ್ದೆ.

“ಚಾಚಾ, ಈ ಕೀಲಿ ನಿಮಗಿಂತ ಹೆಚ್ಚ ದಿನ ಬಾಳತೈತಿ.”

“ಬಾಳ್ಲಿ ಬಿಡಪಾ. ನಾ ಹೋದ ಮ್ಯಾಲೆ ಯಾರರೆ ಬಿಚ್ಚಿ ನೋಡಿದ್ರ, ಯಾವ ಮಬ್ಬ ಮಾಡ್ಯಾನ ಇದನ್ನ ಅಂತ ಬೈಬಾರದು.”

ಇಂಥ ಮನುಷ್ಯನನ್ನು 2022ರ ದಸರೆಯ ಮರುದಿನ ಠಾಣೆಯಿಂದ ಕರೆಯಲು ಬಂದರು. ಆ ವಾರ ಠಾಣೆಯ ಕಂಪ್ಯೂಟರ್ ಹುಡುಗಿ ರಜೆಯ ಮೇಲಿದ್ದಳು, ಹಾಗಾಗಿ ಪಂಚನಾಮೆ ಬರೆಯಲು ನನ್ನನ್ನೂ ಕರೆದರು. ಆಗಿದ್ದಿಷ್ಟು. ಯಡೂರಿನ ತಾರವ್ವ ಎಂಬ ವಿಧವೆಯ ಮನೆಯಲ್ಲಿ ಒಂದು ಸಣ್ಣ ರಿವಾಲ್ವರ್ ಸಿಕ್ಕಿತ್ತು. ಸಿಕ್ಕಿತ್ತು ಎಂದರೆ ಅದೇನು ಹೂತಿಟ್ಟದ್ದಲ್ಲ. ದೇವರ ಜಗಲಿಯ ಮೇಲೆ, ಬೀರದೇವರ ಮೂರ್ತಿಯ ಎಡಕ್ಕೆ, ಮೂರು ತಲೆಮಾರಿನಿಂದ ಕೂತಿತ್ತು. ತಾರವ್ವನ ಗಂಡನ ಅಜ್ಜ ಯಾವುದೋ ವಾಡೆಯ ಪಹರೆ ಕಾಯುತ್ತಿದ್ದನಂತೆ. ವಾಡೆಯವರು ಊರು ಬಿಟ್ಟು ಕೊಲ್ಹಾಪುರಕ್ಕೆ ಹೋಗುವಾಗ ಅದನ್ನು ಅವನ ಕೈಗೆ ಕೊಟ್ಟು ಹೋದರಂತೆ. ಗುಂಡು ಯಾವತ್ತೂ ಇರಲಿಲ್ಲ. ತಿರುಗುವ ಉರುಳೆಯಲ್ಲಿ ಐದು ತೂತುಗಳಿದ್ದವು, ಮನೆಯವರು ಅದಕ್ಕೆ ಪಂಚಮುಖಿ ಎಂದು ಹೆಸರಿಟ್ಟಿದ್ದರು. ಪ್ರತಿ ಖಂಡೇನವಮಿಗೆ ಕುಡಗೋಲು, ಕೊಡಲಿ, ಕೊಯ್ತಾಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತೊಳೆದು, ಎಣ್ಣೆ ಸವರಿ, ಭಂಡಾರದ ಅರಿಶಿನ ಹಾರಿಸಿ ಪೂಜೆ ಮಾಡುತ್ತಿದ್ದರು. ಲೈಸೆನ್ಸ್ ಬೇಕು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ದೇವರಿಗೆ ಯಾರು ಲೈಸೆನ್ಸ್ ತೆಗೆಸುತ್ತಾರೆ?

ಆ ವರ್ಷ ತಾರವ್ವನ ಮೊಮ್ಮಗಳು ಸ್ನೇಹಲ, ಆಗಷ್ಟೇ ಪಿಯು ಕಾಲೇಜು ಸೇರಿದ್ದ ಹುಡುಗಿ, ಪೂಜೆಯ ಫೋಟೊ ತೆಗೆದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದಳು. ಚೆಂಡುಹೂವಿನ ನಡುವೆ ಪಂಚಮುಖಿ ಚೆನ್ನಾಗಿಯೇ ಬಂದಿತ್ತು. ಅದು ಯಾರ ಯಾರ ಫೋನಿಗೋ ಹಾರಿ, ಸಂಜೆಯೊಳಗೆ ಠಾಣೆ ಮುಟ್ಟಿತು. ಮರುದಿನ ಅವಳ ಅಪ್ಪ ಬಾಳೇಶನನ್ನು ಹಿಡಿದು ತಂದರು. ಬಾಳೇಶ ಉಗಾರ ಖುರ್ದದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಮೂವತ್ತಾರು ವರ್ಷದ ಗಟ್ಟಿ ಆಳು, ಮಾತು ಕಡಿಮೆ, ಸೋಮವಾರ ಒಪ್ಪತ್ತು.

ಠಾಣೆಯ ಪಿಎಸ್‌ಐ ಕೆಟ್ಟವರೇನಲ್ಲ. ಬಾಗಲಕೋಟೆ ಕಡೆಯ ಎಳೆಯ ಪ್ರಾಯದ ಅಧಿಕಾರಿ. ಟೇಬಲ್ಲಿನ ಮೇಲೆ ಪೇಪರ್ ಹಾಸಿ ಅದನ್ನಿಟ್ಟಿದ್ದರು.

“ಚಾಚಾ, ಲ್ಯಾಬಿಗೆ ಕಳಸೂ ಮದಲ ಇದು ಆಟಿಗಿ ಸಾಮಾನೋ ಖರೇದೋ, ಯಾವ ಕಾಲದ್ದು, ಒಂದಿಷ್ಟು ಹೇಳ್ರಿ.”

ಚಾಚಾ ತುಂಬ ಹೊತ್ತು ಅದನ್ನು ಮುಟ್ಟಲೇ ಇಲ್ಲ. ಬಹಳ ವರ್ಷದ ಮೇಲೆ ತಮ್ಮ ಕಸುಬಿನ ವಸ್ತು ಕಂಡಿತಲ್ಲ, ಖುಷಿಗೆ ಹೀಗಾಗಿದೆ ಎಂದು ನಾನು ತಿಳಿದೆ. ನನ್ನ ತಿಳಿವಳಿಕೆಗೆ ಇಷ್ಟು ಬೆಂಕಿ ಹಾಕಬೇಕು.

ಆಮೇಲೆ ಕೈಗೆತ್ತಿಕೊಂಡರು. ಮುಷ್ಟಿ ಮುಚ್ಚಿದರೆ ನಳಿಗೆಯ ತುದಿ ಮಾತ್ರ ಕಾಣುವಷ್ಟು ಚಿಕ್ಕದು. ಬೆರಳಿಟ್ಟು ಎಳೆಯುವ ಕೀಲು ಚಾಕುವಿನ ಹಾಗೆ ಮಡಚಿಕೊಂಡಿತ್ತು, ಅದರ ಸುತ್ತ ಬಳೆ ಇರಲಿಲ್ಲ. ಕೋಟಿನ ಕಿಸೆಯಲ್ಲಿಟ್ಟರೆ ಎಲ್ಲೂ ಸಿಕ್ಕಿಕೊಳ್ಳಬಾರದೆಂದು ಹೀಗೆ ಮಾಡುತ್ತಿದ್ದರು ಎಂದು ವಿವರಿಸಿದರು. ಮಾಡಿದವರ ಹೆಸರು ನಳಿಗೆಯ ಮೇಲಿತ್ತು, ಆದರೆ ನೂರು ವರ್ಷದ ಹುಣಸೆಹಣ್ಣು ಅದನ್ನು ತಿಂದುಬಿಟ್ಟಿತ್ತು. ಉರುಳೆಯ ಹಿಂಭಾಗದಲ್ಲಿ ಒಂದು ಕಡೆ ಭಂಡಾರ ಗಟ್ಟಿಯಾಗಿ ಕೂತಿತ್ತು. ಚಾಚಾ ಬೇವಿನ ಕಡ್ಡಿ ತರಿಸಿ, ಸೀಮೆಎಣ್ಣೆಯಲ್ಲಿ ಅದ್ದಿ, ಕಿವಿಯ ಕೊಳೆ ತೆಗೆಯುವಷ್ಟು ಮೆಲ್ಲಗೆ ಅದನ್ನು ತೆಗೆದರು. ಹಳದಿ ಬಿಟ್ಟಂತೆ ಅಡಿಯಲ್ಲಿ ಒಂದು ಮೊಟ್ಟೆಯಾಕಾರದ ಮುದ್ರೆ ಕಂಡಿತು. ಒಳಗೆ ಇ, ಎಲ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಕೆಳಗೊಂದು ಚಿಕ್ಕೆ.

“ಭೂಪಾಲ, ಮುದ್ರಿ ಮ್ಯಾಲೆ ಕಿರೀಟ ಐತೇನ ನೋಡು. ನನ್ನ ಕಣ್ಣ ಮಂಜ.”

ಭೂತಗನ್ನಡಿ ಹಿಡಿದು ನೋಡಿದೆ. “ಇಲ್ರಿ ಚಾಚಾ.”

“ಛಲೋತ್ನಂಗ ನೋಡು.”

“ಇಲ್ಲ ಅಂದ್ನೆಲ್ರಿ!”

ಅವರು ಪಿಎಸ್‌ಐ ಕಡೆ ತಿರುಗಿದರು. “ಇದು ಬೆಲ್ಜಿಯಂ ದೇಶದ್ದು ಸಾಹೇಬ್ರ. ಅಲ್ಲಿ ಲಿಯೇಜ್ ಅಂತ ಊರೈತಿ. ಅಲ್ಲಿ ಮಾಡಿದ ಪ್ರತಿ ಬಂದೂಕ ಪರೀಕ್ಷಾ ಮಾಡಿ ಈ ಮುದ್ರಿ ಒತ್ತತಿದ್ರು. ಹದಿನೆಂಟು ನೂರಾ ತೊಂಬತ್ಮೂರರಾಗ ಮುದ್ರಿ ಮ್ಯಾಲೆ ಕಿರೀಟ ಕೂಡಿಸಿದ್ರು. ಇದಕ್ಕ ಕಿರೀಟ ಇಲ್ಲ, ಅಂದ್ರ ಅದಕ್ಕ ಮದಲಿಂದು. ಮತ್ತ ಇದು ಕಾಡತೂಸಿನ ನಟ್ಟನಡುವ ಬಡಿಯೂದು, ಬಾಜೂಕ ಪಿನ್ ಇರೂ ಜಾತಿದಲ್ಲ. ಹಂಗಾಗಿ ಹದಿನೆಂಟು ನೂರಾ ಎಪ್ಪತ್ತಕ್ಕಿಂತ ಹಿಂದ ಹೋಗಂಗಿಲ್ಲ. ಈ ಇಪ್ಪತ್ತು ಚಿಲ್ರೆ ವರ್ಷದಾಗ ಹುಟ್ಟಿದ್ದಿದು. ನಮ್ಮಪ್ಪ ಹೇಳಿಕೊಟ್ಟ ಲೆಕ್ಕ.”

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಟ್ರಂಕಿನ ಕೀಲಿ ರಿಪೇರಿ ಮಾಡುವ ಮುದುಕ ಚಿಕ್ಕೆ ಕಿರೀಟ ನೋಡಿ ಹುಟ್ಟಿದ ಕಾಲ ಹೇಳುತ್ತಾನಲ್ಲ ಎಂದು ಹೆಮ್ಮೆಯಾಯಿತು. ಪಿಎಸ್‌ಐ ಕೂಡ ತಲೆದೂಗಿದರು. ಆಮೇಲೆ ಸಹಜವಾಗಿಯೇ ಕೇಳಿದರು.

“ನಡೀತೈತೇನ್ರಿ ಇದು?”

ಚಾಚಾ ರಿವಾಲ್ವರನ್ನು ಪೇಪರಿನ ಮೇಲಿಟ್ಟರು. “ಅದನ್ನ ಲ್ಯಾಬಿನವ್ರ ಹೇಳ್ಲಿ ಸಾಹೇಬ್ರ. ಅಪ್ಪನ ಲೈಸೆನ್ಸ್ ಹೋಗಿ ಇಪ್ಪತ್ತೇಳು ವರ್ಷ ಆತು.”

ಕಸುಬಿನ ಪ್ರಶ್ನೆಗೆ ಅವರು ಉತ್ತರ ಕೊಡದೇ ಜಾರಿಕೊಂಡದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಪಂಚನಾಮೆಗೆ ಪಂಚರಾಗಿ ಸಹಿ ಮಾಡಿ ಹೊರಗೆ ಬಂದೆವು. ಬೇವಿನ ಗಿಡದ ಕೆಳಗೆ ತಾರವ್ವ ಮೊಮ್ಮಗಳನ್ನು ಕರೆದುಕೊಂಡು ಕೂತಿದ್ದಳು. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಾರವ್ವ ಎದ್ದು ನಿಂತು, “ಅಣ್ಣಾ” ಎಂದಳು, ಅಷ್ಟೇ.

“ಭಾಳ ಹಳೇದು ಅಂತ ಬರಸೀನವಾ,” ಎಂದು ಚಾಚಾ ನಿಲ್ಲದೆ ನಡೆದರು.

ಬಾಳೇಶನ ವಕೀಲ ರಾಜಾರಾಮ ಮಧ್ಯಾಹ್ನ ನನ್ನ ಅಂಗಡಿಗೆ ಜಾಮೀನು ಅರ್ಜಿ ಟೈಪ್ ಮಾಡಿಸಲು ಬಂದ. ಕಪ್ಪು ಕೋಟಿನೊಳಗೆ ಮನುಷ್ಯನೊಬ್ಬ ಉಳಿದಿರುವ ಕೆಲವೇ ವಕೀಲರಲ್ಲಿ ಅವನೂ ಒಬ್ಬ. ನೂರಾಮೂವತ್ತು ವರ್ಷ ಹಳೆಯದು ಎಂದು ನಾನು ಕುಣಿಯುವ ದನಿಯಲ್ಲಿ ಹೇಳಿದರೆ ಅವನು ಅರ್ಧವೇ ನಕ್ಕ.

“ಹಳೇದಾದ್ರ ಛಲೋನ. ಆದ್ರ ಬರೇ ಹಳೇದಾದ್ರ ಸಾಕಾಗಂಗಿಲ್ಲ ಭೂಪಾಲಣ್ಣ. ಅದು ನಡೀಬಾರದು. ರಿಪೇರಿ ಮಾಡಿದ್ರೂ ನಡೀದಂಗ ಕೆಟ್ಟಿರಬೇಕು. ಹಂಗಿತ್ತಂದ್ರ ಅದು ಹಳೇ ಕಬ್ಬಿಣ, ಹುಡುಗ ಮನಿಗೆ ಬರ್ತಾನ. ನಡೀತಿತ್ತಂದ್ರ ಅದು ಹತಾರ. ಎರಡು ವರ್ಷಕ್ಕ ಕಡಿಮಿ ಇಲ್ಲ.”

“ಕೆಟ್ಟಿದ್ರೂ ರಿಪೇರಿ ಆಗ್ತೈತಿ ಅಂದ್ರ?”

“ಅಂಥಾದ್ದನ್ನ ರಿಪೇರಿ ಮಾಡೂ ಕೈ ಈ ಮೂರು ತಾಲೂಕಿನಾಗ ಯಾವುದೈತಿ? ಅದನ್ನ ನಾ ವಾದಾ ಮಾಡ್ತೀನಿ.”

ಪಕ್ಕದ ಗೂಡಿನಲ್ಲಿ ಸಾಣೆಯ ಸದ್ದು ನಿಂತಿತು. ರಾಜಾರಾಮ ಹೋದ ಮೇಲೆ ಚಾಚಾ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ಚಹಾ ತರಿಸಿದೆ. ಕುಡಿಯಲಿಲ್ಲ. ಆಮೇಲೆ ಹೇಳಿದರು.

ರಿವಾಲ್ವರಿನ ಹಿಂದೆ ಬಡಿಗೆಯ ಹಾಗೆ ಎದ್ದು ಬೀಳುವ ಭಾಗವೊಂದಿರುತ್ತದೆ. ನಮ್ಮ ಕಡೆ ಅದಕ್ಕೆ ಘೋಡಾ ಎನ್ನುತ್ತಾರೆ. ಅದರ ತುದಿಯ ಮೊನೆಗೆ ಮೂಗು ಎನ್ನುತ್ತಾರೆ. ಆ ಮೂಗು ಕಾಡತೂಸಿಗೆ ಬಡಿದರೇ ಗುಂಡು ಹಾರುವುದು, ಮೂಗಿಲ್ಲದಿದ್ದರೆ ಎಷ್ಟು ಎಳೆದರೂ ಅದು ಸುಮ್ಮನೆ ಕಬ್ಬಿಣ. ಪಂಚಮುಖಿಯ ಮೂಗು ಮುರಿದಿತ್ತು. ಮೂವತ್ತೆಂಟು ವರ್ಷದ ಹಿಂದೆ, 1984ರಲ್ಲಿ.

ಆಗ ತಾರವ್ವನಿಗೆ ಹತ್ತೊಂಬತ್ತು. ಗಂಡನ ಮನೆಗೆ ಬಂದು ಅವಳ ಮೊದಲ ಖಂಡೇನವಮಿ. ಹತಾರಗಳನ್ನು ತೊಳೆಯುವ ಕೆಲಸ ಹೊಸ ಸೊಸೆಗೆ ಬಂತು. ಹುಣಸೆಹಣ್ಣಿನ ಜಾರು ಕೈ, ಒಗೆಯುವ ಕಲ್ಲಿನ ಮೇಲೆ ಪಂಚಮುಖಿ ಬಿದ್ದಿತು, ಹಳೆಯ ಉಕ್ಕಿನ ಮೂಗು ಕಟ್ಟೆಂದು ಹಾರಿ ಬಚ್ಚಲಿಗೆ ಹೋಯಿತು. ಪೂಜೆಯ ವಸ್ತುವಿಗೆ ಚೂರು ಮುಕ್ಕಾದರೂ ಅದು ಭಿನ್ನ. ಭಿನ್ನವಾದದ್ದನ್ನು ಜಗಲಿಯ ಮೇಲಿಡುವಂತಿಲ್ಲ, ಕೃಷ್ಣೆಗೆ ಬಿಡಬೇಕು. ಹೊಸ ಸೊಸೆಯ ಕಾಲ್ಗುಣಕ್ಕೆ ಮನೆಯ ದೇವರು ಭಿನ್ನವಾಯಿತು ಎಂದರೆ ಅವಳ ಗತಿ ಏನು ಎಂಬುದನ್ನು ಈ ಕಡೆಯ ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಮ್ಮನನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ, ನುಗ್ಗೆಸೊಪ್ಪಿನ ಬುಟ್ಟಿಯಲ್ಲಿ ಅದನ್ನು ಮುಚ್ಚಿಕೊಂಡು ಅವಳು ಬಸ್ಸು ಹತ್ತಿ ಚಿಕ್ಕೋಡಿಗೆ ಬಂದಳು. ಚಾಚಾನ ತಂದೆ ಆವತ್ತು ಬೇರೆ ಊರಿಗೆ ಹೋಗಿದ್ದರು, ಅಂಗಡಿಯಲ್ಲಿ ಇವರೊಬ್ಬರೇ.

“ಬುಟ್ಟಿ ಇಳಿಸಿ ಸೊಪ್ಪ ಸರಿಸಿ ತೋರಿಸಿದ್ಲು. ಅಣ್ಣಾ, ನಾಳಿದ್ದ ಪೂಜಿ ಐತಿ, ನೋಡಾಕ ಪೂರ್ತಿ ಆದ್ರ ಸಾಕು, ಇಲ್ಲಂದ್ರ ಮಾವ ಇದನ್ನ ಹೊಳಿಗೆ ಬಿಡ್ತಾರ, ನನ್ನ ತವರಿಗೆ ಅಟ್ತಾರ ಅಂದ್ಲು. ನೋಡಾಕ ಪೂರ್ತಿ ಆದ್ರ ಸಾಕು ಅಂದ್ಲು ಭೂಪಾಲ. ಅಷ್ಟ ಕೇಳಿದ್ದಾಕಿ.”

“ಮತ್ತ?”

“ಹಿತ್ತಾಳಿ ಹಾಕಿದ್ರ ಸಾಕಿತ್ತು. ಮ್ಯಾಲೆ ಬೆಳ್ಳಗ ಕಲಾಯಿ ಮಾಡಿ ಕೊಟ್ಟಿದ್ರ ಆ ದೇವರಿಗೂ ಗೊತ್ತಾಗ್ತಿರಲಿಲ್ಲ. ಹಿತ್ತಾಳಿ ಮೂಗು ಒಂದ ಏಟಿಗೆ ಚಪ್ಪಟಿ ಆಕ್ಕೈತಿ, ಅದರಿಂದ ಏನೂ ಆಗಂಗಿಲ್ಲ. ನಾ ಉಕ್ಕ ಹಾಕಿದೆ. ಇಡೀ ದಿನ ಕುಂತು ಅಳತಿ ಹಿಡದು, ಹದಾ ಕೊಟ್ಟು, ಖರೇ ಮೂಗು ಮಾಡಿದೆ. ಆಗ ನನಗ ಮೂವತ್ತಾರು. ಅಪ್ಪ ಬಂದು ನೋಡಿದ್ರ ಇದೆಂಥಾ ಹಜಾಮತಿ ಕೆಲಸ ಅಂತಾನ ಅಂತ ಅಂಜಿಕಿ. ನನ್ನ ಕೈ ನನ್ನ ಮಾತ ಕೇಳಲಿಲ್ಲಪಾ.”

ಏನಾದರೂ ಹೇಳಬೇಕಲ್ಲ ಎಂದು, “ಲ್ಯಾಬಿನವ್ರಿಗೆ ಗೊತ್ತಾಗ್ಲಿಕ್ಕಿಲ್ಲ ಬಿಡ್ರಿ,” ಎಂದೆ.

“ನಾ ಮಾಡಿದ್ದು ಕೆಟ್ಟಿರಂಗಿಲ್ಲ,” ಎಂದರು. ಅಷ್ಟು ಸಂಕಟದಿಂದ ಆ ಮಾತನ್ನು ಹೇಳಿದ ಮತ್ತೊಬ್ಬ ಕಸುಬುದಾರನನ್ನು ನಾನು ಕಂಡಿಲ್ಲ.

ಹತ್ತೊಂಬತ್ತು ದಿನಕ್ಕೆ ಬಾಳೇಶನಿಗೆ ಜಾಮೀನಾಯಿತು. ಮೊದಲ ಸೋಮವಾರವೇ ಅವನು ಒಂದು ತಂಬಿಗೆ ಎಮ್ಮೆಯ ಹಾಲು ತಂದು ಚಾಚಾನ ಮುಂದಿಟ್ಟ.

“ಕಾಕಾ, ನೀವು ಹಳೇದು ಅಂತ ಹೇಳಿದ್ದಕ್ಕ ನಂಗ ಜಾಮೀನ ಸಿಕ್ಕಿತಂತ. ವಕೀಲ್ರು ಅಂದ್ರು. ನಿಮ್ಮ ಉಪಕಾರ ಮರಿಯಂಗಿಲ್ರಿ.”

ಅವನು ಹೋದ ಮೇಲೆ ಚಾಚಾ ಆ ಹಾಲನ್ನು ನನ್ನ ಮನೆಗೆ ಕಳಿಸಿದರು, ತಮ್ಮ ಮನೆಗೆ ಒಯ್ಯಲಿಲ್ಲ.

ಲ್ಯಾಬಿನ ವರದಿ ಏಳು ತಿಂಗಳಿಗೆ ಬಂತು. ಝೆರಾಕ್ಸ್ ಮಾಡಿಸಲು ರಾಜಾರಾಮ ನನ್ನ ಹತ್ತಿರವೇ ತಂದ. ಚಾಚಾಗೆ ಉರ್ದು ಓದಲು ಬರುತ್ತದೆ, ಮರಾಠಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಹೇಳು ಎಂದರು. ನಾನು ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಬೆಲ್ಜಿಯಂನಲ್ಲಿ ತಯಾರಾದದ್ದು. ಬಹುಮಟ್ಟಿಗೆ 1893ಕ್ಕಿಂತ ಹಿಂದಿನದು. ಘೋಡಾದ ಮೂಗು ಮೂಲದ್ದಲ್ಲ, ಆಮೇಲೆ ನುರಿತ ಕೈಯೊಂದು ಅತ್ಯಂತ ನಿಖರವಾಗಿ ಕೂಡಿಸಿದ್ದು. ಪರೀಕ್ಷಿಸಿದಾಗ ಆಯುಧ ಚಾಲನೆಯಲ್ಲಿದೆ.

“ನುರಿತ ಕೈ ಅಂತ ಬರದಾರೇನು?”

“ಹೌದ್ರಿ.”

“ಅಪ್ಪನೂ ಹಂಗಂದಿರಲಿಲ್ಲ,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇಡೀ ಆಯುಷ್ಯದಲ್ಲಿ ಅವರ ಕೆಲಸವನ್ನು ಯಾರಾದರೂ ಕಾಗದದ ಮೇಲೆ ಹೊಗಳಿದ್ದು ಅದೊಂದೇ ಸಲ. ಆ ಹೊಗಳಿಕೆಯೇ ಒಬ್ಬ ಬಡವನ ಮಗನನ್ನು ಜೈಲಿಗೆ ಹಾಕುತ್ತದೆ ಎಂದರೆ ಯಾರನ್ನು ಬೈಯುವುದು? ಅವತ್ತು ಸಿಕ್ಕಿದವರನ್ನೆಲ್ಲ ಬೈದೆ. ಝೆರಾಕ್ಸ್ ಮಶೀನಿಗೂ ಒಂದು ಒದ್ದೆ.

ಚಾಚಾ ನೇರ ರಾಜಾರಾಮನ ಮುಂದೆ ನಿಂತರು. ಎಲ್ಲವನ್ನೂ ಹೇಳಿದರು, ಬುಟ್ಟಿಯನ್ನೂ ಬಿಡದೆ. “ನಾ ಕೋರ್ಟಿನ್ಯಾಗ ಹೇಳ್ತೀನ್ರಿ ವಕೀಲ್ರ. ಅದರ ಜೀವಾ ನಂದು. ಆ ಹುಡುಗಂದಲ್ಲ.”

ರಾಜಾರಾಮ ಕೋಟು ತೆಗೆದು ಕುರ್ಚಿಗೆ ಹಾಕಿದ. “ಚಾಚಾ, ನೀವು ಹಂಗಂದ್ರ ನೀವೂ ಒಳಗ. ಲೈಸೆನ್ಸ್ ಇಲ್ಲದ ಹತಾರ ರಿಪೇರಿ ಮಾಡಿದ ಕೇಸು. ಅದರಿಂದ ಬಾಳೇಶ ಹೊರಗ ಬರ್ತಾನೇನು? ಬರಂಗಿಲ್ಲ. ಮುದ್ದಾಂ, ಬೇಕಂತನ ರಿಪೇರಿ ಮಾಡಿಸಿ ಇಟಗೊಂಡಿದ್ರು ಅಂತ ಉಲ್ಟಾ ಗಟ್ಟಿ ಆಗ್ತೈತಿ. ನೀವು ಬಾಯಿ ಬಿಡಬ್ಯಾಡ್ರಿ.”

“ಹಂಗಾದ್ರ ನಾ ಏನ ಮಾಡ್ಲಿ?”

“ಏನೂ ಮಾಡಬ್ಯಾಡ್ರಿ.”

ತೊಂಬತ್ತು ವರ್ಷದ ಮುರುಕು ಕೀಲಿಗೂ ಏನಾದರೂ ಮಾಡಿಯೇ ತೀರುವ ಮನುಷ್ಯನಿಗೆ ಅದು ಬಹಳ ಕಷ್ಟದ ಮಾತು. ಮುಂದಿನ ವಾರವಿಡೀ ಅವರು ಅಂಗಡಿ ತೆರೆದು, ಏನೂ ಮಾಡದೆ ಕೂತು, ಮುಚ್ಚಿಕೊಂಡು ಹೋದರು.

ರಾಜಾರಾಮನಿಗೆ ಉಳಿದ ದಾರಿ ಒಂದೇ ಇತ್ತು. ಬಾಳೇಶ ಜಡ್ಜ್ ಮುಂದೆ ಒಂದು ಮಾತು ಹೇಳಬೇಕು: ಅದು ಮುರುಕು ಸಾಮಾನು ಎಂದು ತಿಳಿದಿದ್ದೆವು, ನಡೆಯುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಗೊತ್ತೇ ಇರಲಿಲ್ಲ ಎಂದಾದರೆ ಸಂಶಯದ ಲಾಭ ಕೇಳಬಹುದು. ತಾಯಿ ಮಗ ಇಬ್ಬರನ್ನೂ ನನ್ನ ಅಂಗಡಿಗೇ ಕರೆಸಿ ತಿಳಿಹೇಳಿದ. ಚಾಚಾ ಬಾಗಿಲಲ್ಲಿ ನಿಂತಿದ್ದರು.

“ಮುರಕ ಅನ್ಲೇನ್ರಿ?” ಎಂದು ಬಾಳೇಶ ಕೇಳಿದ.

“ಹೂಂ. ಮುರಕ ಸಾಮಾನ ಅಂತ ತಿಳಕೊಂಡಿದ್ವಿ ಅನ್ನು.”

“ಪೂಜಾ ಮಾಡೂದನ್ನ?”

ತಾರವ್ವ ನೆಲ ನೋಡುತ್ತ, “ಅನ್ನಪಾ. ಏನಾಗಂಗಿಲ್ಲ,” ಎಂದಳು.

“ಅವ್ವಾ, ನೀನ ಹಿಂಗಂದ್ರ ಹ್ಯಾಂಗ? ಖಂಡೇನವಮಿಗೆ ಮದಲ ಭಂಡಾರ ನೀನ ಹಾರಸಾಕಿ.”

ಅವಳು ಬಾಯಿ ತೆರೆದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ‘ಅದು...’ ಎಂದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂವತ್ತೆಂಟು ವರ್ಷ ಅತ್ತೆ ಮಾವನಿಂದ, ಗಂಡನಿಂದ ಮುಚ್ಚಿಟ್ಟ ಮಾತು, ಗಂಡ ಸತ್ತ ಮೇಲೂ ಮುಚ್ಚಿಟ್ಟ ಮಾತು. ಅದನ್ನು ಮಗನ ಮುಂದೆ, ಒಂದು ಟೈಪಿಂಗ್ ಅಂಗಡಿಯಲ್ಲಿ, ಹೇಳಲು ಅವಳಿಂದ ಆಗಲಿಲ್ಲ. ಅವತ್ತು ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಬಾಳೇಶ ಮಾತ್ರ ಕಡೆಗೆ ತಲೆಯಾಡಿಸಿ, “ಆತ್ರಿ,” ಎಂದ.

ವಿಚಾರಣೆಯ ದಿನ ಮೊದಲು ಚಾಚಾನನ್ನು ಸಾಕ್ಷಿಕಟ್ಟೆಗೆ ಕರೆದರು. ಅವರು ಪಂಚರು, ಅಷ್ಟೇ ಅವರ ಪಾತ್ರ. ಇದೇ ರಿವಾಲ್ವರನ್ನು ನಿಮ್ಮ ಎದುರಿಗೆ ಸೀಲ್ ಮಾಡಿದರೇ ಎಂದು ಸರ್ಕಾರಿ ವಕೀಲರು ಕೇಳಿದರು. ಹೌದು ಎಂದರು. ಈ ಸಹಿ ನಿಮ್ಮದೇ? ಹೌದು.

“ಮೇಡಂ, ನಂದೊಂದ ಮಾತೈತ್ರಿ,” ಎಂದು ಚಾಚಾ ಜಡ್ಜ್ ಕಡೆ ತಿರುಗಿದರು.

ರಾಜಾರಾಮನ ಮುಖ ಬಿಳಿಚಿತು. ಜಡ್ಜ್ ಮೇಡಂ ಸೌಮ್ಯವಾಗಿಯೇ, “ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಅಜ್ಜಾ. ಮುಗಿಯಿತು, ಇಳಿಯಿರಿ,” ಎಂದರು. ಅಂದು ಮೂವತ್ತು ಕೇಸುಗಳಿದ್ದವು, ಅವರದೂ ತಪ್ಪಲ್ಲ. ಚಾಚಾ ಇಳಿದು ಬಂದು ಹಿಂದಿನ ಬೆಂಚಿನ ಮೇಲೆ ತಾರವ್ವನ ಪಕ್ಕ ಕೂತರು.

ಬಾಳೇಶನ ಸರದಿ ಬೇರೊಂದು ದಿನ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಬಂದಿದ್ದ. ಜಡ್ಜ್ ಒಂದೊಂದೇ ಪ್ರಶ್ನೆ ಓದಿದರು. ಮನೆಯಲ್ಲಿ ಸಿಕ್ಕದ್ದು ಹೌದೇ ಎಂದರೆ ಹೌದ್ರಿ ಎಂದ. ಲೈಸೆನ್ಸ್ ಇಲ್ಲದ್ದು ಹೌದೇ ಎಂದರೆ ಹೌದ್ರಿ ಎಂದ. ಆಮೇಲೆ, “ಇದು ಚಾಲನೆಯಲ್ಲಿದೆ ಎಂದು ವರದಿ ಬಂದಿದೆ. ಇದಕ್ಕೆ ಏನು ಹೇಳುತ್ತೀರಿ?” ಎಂದು ಕೇಳಿದರು.

ರಾಜಾರಾಮ ಅವನ ಕಡೆಗೇ ನೋಡುತ್ತಿದ್ದ. ನಾವೆಲ್ಲ ನೋಡುತ್ತಿದ್ದೆವು. ಮುಂದಿನ ಮೇಜಿನ ಮೇಲೆ ತೆರೆದ ಲಕೋಟೆಯಲ್ಲಿ ಪಂಚಮುಖಿ ಇತ್ತು. ಬಾಳೇಶ ಅದನ್ನೊಮ್ಮೆ ನೋಡಿದ. ಹಿಡಿದು ತಂದ ದಿನದಿಂದ ಅವನು ಅದನ್ನು ಕಂಡಿರಲಿಲ್ಲ. ಅವನ ಕೈಗಳು ತಾವಾಗಿ ಕೂಡಿಕೊಂಡವು.

“ಮುರಕ...” ಎಂದು ಶುರು ಮಾಡಿ ನಿಲ್ಲಿಸಿದ. ಆಮೇಲೆ, “ಇಲ್ರಿ ಮೇಡಂ. ಭಿನ್ನ ಆದದ್ದನ್ನ ನಾವು ಪೂಜಾ ಮಾಡಂಗಿಲ್ರಿ. ನಮ್ಮ ಪಂಚಮುಖಿ ಪೂರ್ತಿ ಐತ್ರಿ. ನಮ್ಮ ಮುತ್ಯಾನ ಕಾಲದಿಂದ ಒಂದ ಎಳಿ ಮುಕ್ಕಾಗಿಲ್ರಿ,” ಎಂದ.

“ಅಂದರೆ ಚಾಲನೆಯಲ್ಲಿರುವುದು ನಿಮಗೆ ಗೊತ್ತಿತ್ತೇ? ಯೋಚಿಸಿ ಹೇಳಿ.”

“ಗೊತ್ತೈತ್ರಿ. ವರ್ಷಾ ನಾನ ಕೈಯಾರೆ ಎಣ್ಣಿ ಹಚ್ಚಿ ಘೋಡಾ ಎತ್ತಿ ಬಿಟ್ಟು ನೋಡ್ತೀನ್ರಿ. ಕಟ್ ಅಂತ ಬಡಿತೈತ್ರಿ.”

ಆ ಮಾತನ್ನು ಹೇಳುವಾಗ ಅವನ ಎದೆ ಉಬ್ಬಿತ್ತು. ಸ್ಟೆನೊ ಟೈಪ್ ಮಾಡಿದಳು. ಟೈಪ್ ಮಾಡುವ ಸದ್ದನ್ನು ನಾನು ಜೀವಮಾನವೆಲ್ಲ ಕೇಳಿದ್ದೇನೆ, ಅವತ್ತು ಕೇಳಲಾಗದೆ ಹೊರಗೆ ಹೋದೆ. ಹೋಗುವಾಗ ಹಿಂದಿನ ಬೆಂಚು ನೋಡಿದೆ. ತಾರವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.

ಎರಡು ವರ್ಷ ಶಿಕ್ಷೆಯಾಯಿತು. ರಾಜಾರಾಮ ಮೇಲಿನ ಕೋರ್ಟಿಗೆ ಅಪೀಲು ಹಾಕಿದ, ಅಲ್ಲಿಯವರೆಗೆ ಬಾಳೇಶ ಮನೆಯಲ್ಲೇ ಇದ್ದ. ಅಪೀಲಿನ ಕಾಗದ ಟೈಪ್ ಮಾಡಿದವನೂ ನಾನೇ. ವಯಸ್ಸಾದ ತಾಯಿ, ಓದುವ ಮಗಳು, ಪೂಜೆಯ ಪದ್ಧತಿ, ನೂರಾಮೂವತ್ತು ವರ್ಷದ ವಸ್ತು, ಎಲ್ಲ ಬರೆದೆವು. ಆದರೆ ಅವನು ತನ್ನ ಬಾಯಿಂದ ಹೇಳಿದ ಮಾತು ದಾಖಲೆಯಲ್ಲಿ ಕೂತಿತ್ತು, ಅದನ್ನು ಅಳಿಸುವ ಸಾಮಾನು ನನ್ನ ಅಂಗಡಿಯಲ್ಲೂ ಇರಲಿಲ್ಲ, ಚಾಚಾನ ಪೆಟ್ಟಿಗೆಯಲ್ಲೂ ಇರಲಿಲ್ಲ. ಹತ್ತು ತಿಂಗಳಿಗೆ ಅಪೀಲೂ ಬಿತ್ತು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಅವನು ಕೋರ್ಟಿಗೆ ಹಾಜರಾದ. ಒಂದು ಚೀಲದಲ್ಲಿ ಎರಡು ಅಂಗಿ, ಒಂದು ಪೊಟ್ಟಣ ಭಂಡಾರ. ಚೀಲ ನೋಡಿದ ಪೊಲೀಸರು ಭಂಡಾರ ಒಯ್ಯಲು ಬಿಡುವುದಿಲ್ಲ ಎಂದರು. ಅವನು ಅದನ್ನು ಸ್ನೇಹಲಳ ಕೈಗೆ ಕೊಟ್ಟು, “ಅಳಬ್ಯಾಡ ಬೇ, ಫೋಟೊ ತಗದದ್ದು ತಪ್ಪಲ್ಲ,” ಎಂದ. ವ್ಯಾನು ಗೇಟಿನ ಹತ್ತಿರ ನಿಂತಿತ್ತು. ನಾವು ನಾಲ್ವರು ಅವನ ಸುತ್ತ ಇದ್ದೆವು. ಚಾಚಾನ ಕಾಲು ಮುಟ್ಟಲು ಬಗ್ಗಿದ. ಚಾಚಾ ಹಿಂದೆ ಸರಿದರು, ಅವನು ಬಿಡಲಿಲ್ಲ.

ಆಮೇಲೆ ತಾಯಿಯ ಮುಂದೆ ನಿಂತ. “ಅವ್ವಾ, ವಕೀಲ್ರ ಮಾತ ಕೇಳಲಿಲ್ಲ ಅಂತ ನನ್ನ ಮ್ಯಾಲೆ ಸಿಟ್ಟೇನು? ದೇವರನ್ನ ಮುರಕ ಅಂತ ಅಂದು ಮನಿಗೆ ಬಂದಿದ್ರ ಜಗಲಿ ಮುಂದ ಹ್ಯಾಂಗ ನಿಂದರ್ತಿದ್ದೆ ಹೇಳು. ಪೂರ್ತಿ ಐತಿ ಅಂದೆ. ಖರೇ ಅಂದೆ, ಹೌದಿಲ್ಲೊ?”

ತಾರವ್ವ ಮಗನ ಮುಖ ನೋಡಿದಳು. ಒಮ್ಮೆ ಚಾಚಾನ ಕಡೆ ನೋಡಿದಳು. ಹೇಳುವುದಿದ್ದರೆ ಅದೇ ಕಡೆಯ ಹೊತ್ತು.

“ಹೌದಪಾ,” ಎಂದಳು. “ಖರೇನ ಅಂದಿ.”

ಅವನ ಮುಖ ಬಿಚ್ಚಿಕೊಂಡಿತು. ತಲೆ ಎತ್ತಿಕೊಂಡೇ ವ್ಯಾನು ಹತ್ತಿದ. ಬಾಗಿಲು ಹಾಕಿದರು. ವ್ಯಾನು ಬಸವನ ಗುಡಿಯ ತಿರುವಿನಲ್ಲಿ ಮರೆಯಾಯಿತು. ಹುಡುಗಿ ನೀರು ತರಲು ಹೋದಳು. ಆಗ ಚಾಚಾ ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಮೂಗಿಂದು ಹೇಳಿಬಿಡಬೇಕಿತ್ತೇನವಾ ತಂಗಿ, ಅವಂಗ?”

ತಾರವ್ವ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಪೂರ್ತಿ ಐತಿ ಅನ್ನೂದೊಂದರೆ ಒಯ್ಯಲಿ ಬಿಡೋ ಅಣ್ಣಾ,” ಎಂದಳು. “ಎರಡು ವರ್ಷ ಕುಂದರಾಕ ಅವಂಗ ಬ್ಯಾರೆ ಏನೈತಿ?”